ಯೂನಿಯನ್ ಸಿಟಿಯ ಹಿತ್ತಲುಗಳು: ತಡವಾಗುವ ಕೆಲಸಗಳ ಚರಿತ್ರೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ಯೂನಿಯನ್ ಸಿಟಿಯಲ್ಲಿ ಹಿತ್ತಲಿಗೊಂದು ತೋಟ ಮಾಡಿಸಲು, ಡೆಕ್ ಕಟ್ಟಿಸಲು ಹೊರಟವರ ಲೆಕ್ಕಾಚಾರ ತಪ್ಪಲು ಕಾರಣಗಳು ಹಲವು. ಡೆಕ್ ಎಂದರೆ ಮನೆಯ ಹಿಂಬಾಗಿಲಿಗೆ ಹೊಂದಿಕೊಂಡಂತೆ, ನೆಲದಿಂದ ಎತ್ತರಿಸಿ ಕಟ್ಟಿದ, ಸೂರಿಲ್ಲದ ಮರದ ಜಗಲಿ. ಕೆಲಸ ನಿಂತಾಗ ಗುತ್ತಿಗೆದಾರನನ್ನೋ ಮನೆಯವರ ಅನನುಭವವನ್ನೋ ದೂರುವುದು ವಾಡಿಕೆ. ಈ ಊರಿನ ಮಣ್ಣು, ನೀರು, ಮರ ಮತ್ತು ಕಾನೂನಿನ ಚರಿತ್ರೆಯನ್ನು ಹಿಂಬಾಲಿಸಿದರೆ ಬೇರೊಂದು ಚಿತ್ರ ಸಿಗುತ್ತದೆ. ವಿಳಂಬದ ಬಹುಪಾಲು ಕಾರಣಗಳು ಆ ಮನೆ ಕಟ್ಟುವ ಮೊದಲೇ ಅಲ್ಲಿದ್ದವು.

ಊರು ಒಂದಲ್ಲ, ಎರಡು ಊರುಗಳ ಜೋಡಣೆ. ಕೊಲ್ಲಿಯ ಜೌಗಿನ ಅಂಚಿನಲ್ಲಿ ಅಲ್ವರಾಡೊ, ಪೂರ್ವದ ಗುಡ್ಡಗಳ ಬುಡದಲ್ಲಿ ರೈಲುದಾರಿಯ ಪಕ್ಕ ಡಿಕೋಟೊ. 1853ರಲ್ಲಿ ಅಲಮೀಡಾ ಕೌಂಟಿ ರಚನೆಯಾದಾಗ ಅಲ್ವರಾಡೊ ಅದರ ಮೊದಲ ಆಡಳಿತ ಕೇಂದ್ರವಾಯಿತು. 1870ರಲ್ಲಿ ಇ. ಎಚ್. ಡಯರ್ ಇಲ್ಲಿ ಸ್ಥಾಪಿಸಿದ ಬೀಟ್ ಸಕ್ಕರೆ ಕಾರ್ಖಾನೆ ಅಮೆರಿಕದಲ್ಲಿ ಆ ಬಗೆಯ ಮೊದಲ ಯಶಸ್ವಿ ಕಾರ್ಖಾನೆ ಎಂದು ಹೆಸರು ಪಡೆಯಿತು. ಬೀಟ್ ಗೆಡ್ಡೆ ಬೆಳೆಯಲು ಆಳವಾದ, ತೇವ ಹಿಡಿದಿಡುವ ಮಣ್ಣು ಬೇಕು. ಅಲಮೀಡಾ ಹೊಳೆ ನೈಲ್ಸ್ ಕಣಿವೆಯಿಂದ ಹೊತ್ತು ತಂದು ಬೀಸಣಿಗೆಯಂತೆ ಹರಡಿದ ಮೆಕ್ಕಲು ಅಂಥದ್ದು. ಅದೇ ಮಣ್ಣು ಕೊಲ್ಲಿಯ ಕಡೆ ಸಾಗಿದಂತೆ ಭಾರವಾದ ಜೇಡಿಯಾಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಧಾರವಾಡ, ವಿಜಯಪುರದ ಎರೆಭೂಮಿಯನ್ನು ಬಲ್ಲವರಿಗೆ ಇದರ ಗುಣ ಹೊಸದಲ್ಲ. ಬೀಟ್‌ಗೆ ಒಳ್ಳೆಯದಾದ ಈ ಮಣ್ಣು ಕಂಬಕ್ಕೆ ಒಳ್ಳೆಯದಲ್ಲ. ಆಳ ಸಾಲದ ಪಾಯದ ಮೇಲೆ ನಿಂತ ಡೆಕ್‌ನ ಕಂಬಗಳು ವರ್ಷವರ್ಷವೂ ಏರಿಳಿಯುತ್ತವೆ, ಮಟ್ಟ ತಪ್ಪುತ್ತವೆ. ಹೊಸ ಡೆಕ್ ಕಟ್ಟಲು ಹಳೆಯದನ್ನು ಕಿತ್ತಾಗಲೇ ಈ ಸಂಗತಿ ಬಯಲಾಗುವುದು ಹೆಚ್ಚು. ಪಾಯವನ್ನು ಹೊಸದಾಗಿ ತೋಡಬೇಕಾಗಿ ಬಂದರೆ ಅಂದಾಜುಪಟ್ಟಿ ಅಲ್ಲಿಗೇ ಹಳತಾಯಿತು.

ಗುಡ್ಡದ ಬುಡದಲ್ಲಿ ಇನ್ನೊಂದು ತೊಡಕಿದೆ. ಹೇವರ್ಡ್ ಭೂಸ್ತರಭಂಗ ಡಿಕೋಟೊ ಭಾಗದ ಪೂರ್ವ ಅಂಚಿನಲ್ಲಿ ಹಾದುಹೋಗುತ್ತದೆ. 1868ರ ಅಕ್ಟೋಬರ್ 21ರ ಬೆಳಿಗ್ಗೆ ಇದೇ ಭಂಗ ಸೀಳಿ ಸುಮಾರು 6.8 ಪ್ರಮಾಣದ ಭೂಕಂಪವಾಯಿತು. ಕೊಲ್ಲಿ ಪ್ರದೇಶದಲ್ಲಿ ಸುಮಾರು 30 ಜನ ಸತ್ತರು. ಕಂಪನವಿಲ್ಲದ ಕಾಲದಲ್ಲೂ ಭಂಗದ ಎರಡು ಬದಿಗಳು ವರ್ಷಕ್ಕೆ ಐದಾರು ಮಿಲಿಮೀಟರಿನಷ್ಟು ಸರಿಯುತ್ತಲೇ ಇರುತ್ತವೆ. ಸರಿಯಾಗಿ ಅದರ ಗೆರೆಯ ಮೇಲಿರುವ ರಸ್ತೆಯಂಚಿನ ಕಟ್ಟೆ, ಬೇಲಿ, ತಡೆಗೋಡೆಗಳು ದಶಕಗಳಲ್ಲಿ ಸೊಟ್ಟಗಾಗುವುದಕ್ಕೆ ಕಾರಣ ಇದೇ. ಇಳಿಜಾರಿನ ಹಿತ್ತಲನ್ನು ಮೆಟ್ಟಿಲು ಮೆಟ್ಟಿಲಾಗಿ ಸಮ ಮಾಡಿ ತೋಟ ಹಾಕುವವರು ತಡೆಗೋಡೆಗೆ ಎಂಜಿನಿಯರನ ಲೆಕ್ಕ, ನಕ್ಷೆ ಒದಗಿಸಬೇಕಾಗಿ ಬಂದಾಗ ಕೆಲಸ ಆರಂಭವಾಗುವ ಮೊದಲೇ ವಾರಗಳು ಕಳೆಯುತ್ತವೆ.

ನೀರಿನ ಕಥೆ ಇದಕ್ಕಿಂತ ಉದ್ದವಾದದ್ದು, ಊರಿನ ತೋಟಗಳನ್ನು ಹೆಚ್ಚು ಕಾಡಿದ್ದೂ ಅದೇ. ಹೊಲ, ಹಣ್ಣಿನ ತೋಟಗಳೆಲ್ಲ ಬಾವಿಯ ನೀರನ್ನು ನೆಚ್ಚಿಕೊಂಡಿದ್ದ ಕಾಲದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ನೀರು ಮಾರುತ್ತಿದ್ದ ಸ್ಪ್ರಿಂಗ್ ವ್ಯಾಲಿ ವಾಟರ್ ಕಂಪನಿ ಅಲಮೀಡಾ ಹೊಳೆಯ ನೀರನ್ನು ಸೆಳೆದುಕೊಳ್ಳುತ್ತಿತ್ತು. ಹೊಳೆ ಬಡವಾದರೆ ಅದರಿಂದ ತುಂಬುವ ಅಂತರ್ಜಲವೂ ಬಡವಾಗುತ್ತದೆ. ಇದನ್ನು ತಡೆಯಲು ರೈತರು ಸಂಘಟಿತರಾಗಿ 1913ರ ಕೊನೆಯಲ್ಲಿ ಅಲಮೀಡಾ ಕೌಂಟಿ ವಾಟರ್ ಡಿಸ್ಟ್ರಿಕ್ಟ್ ಎಂಬ ಸಾರ್ವಜನಿಕ ಸಂಸ್ಥೆಯನ್ನು ಮತದ ಮೂಲಕ ಕಟ್ಟಿಕೊಂಡರು. ಇಂದಿಗೂ ಯೂನಿಯನ್ ಸಿಟಿ, ಫ್ರೀಮಾಂಟ್, ನ್ಯೂಆರ್ಕ್ ಊರುಗಳಿಗೆ ನೀರು ಕೊಡುವುದು ಇದೇ ಸಂಸ್ಥೆ. ಹಾಗಿದ್ದರೂ ಬಾವಿಗಳಿಂದ ಎತ್ತುವ ನೀರು ಹೆಚ್ಚಿ, 1920ರ ದಶಕದಲ್ಲಿ ಕೊಲ್ಲಿಯ ಉಪ್ಪುನೀರು ನೆಲದಡಿಯಿಂದ ಒಳನುಗ್ಗತೊಡಗಿತು. ಮೊದಲು ಕೆಟ್ಟಿದ್ದು ಕೊಲ್ಲಿಗೆ ಹತ್ತಿರದ ಬಾವಿಗಳು. 1962ರಲ್ಲಿ ಈ ಸಂಸ್ಥೆ ಕ್ಯಾಲಿಫೋರ್ನಿಯಾದ ರಾಜ್ಯ ಜಲಯೋಜನೆಯ ನೀರು ಪಡೆದ ಮೊದಲ ಗ್ರಾಹಕ ಸಂಸ್ಥೆಯಾಯಿತು. ಆ ನೀರನ್ನು ಹೊಳೆಗೂ ಹಳೆಯ ಜಲ್ಲಿಕಲ್ಲು ಗಣಿಗಳ ಹೊಂಡಗಳಿಗೂ ಬಿಟ್ಟು ನೆಲಕ್ಕೆ ಇಂಗಿಸಿ ಉಪ್ಪನ್ನು ಹಿಂದಕ್ಕೆ ತಳ್ಳುವ ಕೆಲಸ ಅಂದಿನಿಂದ ನಡೆದಿದೆ. ಆ ಹೊಂಡಗಳೇ ಈಗಿನ ಕ್ವಾರಿ ಲೇಕ್ಸ್. ಉಪ್ಪಾದ ಅಂತರ್ಜಲವನ್ನು ಸಿಹಿ ಮಾಡುವ ಘಟಕ ನ್ಯೂಆರ್ಕ್‌ನಲ್ಲಿ 2003ರಲ್ಲಿ ಆರಂಭವಾಯಿತು.

ಮನೆತೋಟಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ನಲ್ಲಿಯಲ್ಲೇ ಇದೆ. ಅಂತರ್ಜಲ ಬೆರೆತ ನೀರು ಗಡುಸು. ಹನಿ ನೀರಾವರಿಯ ಸಣ್ಣ ತೂತುಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ಕೊಳವೆ ಹಾಕಿ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಸಾಲಿನ ಕೊನೆಯ ಗಿಡಗಳು ನೀರು ತಲುಪದೆ ಒಣಗುತ್ತವೆ. ಆಗ ತೋಟವನ್ನು ಮತ್ತೆ ಮೊದಲಿನಿಂದ ನೆಡಬೇಕಾಗುತ್ತದೆ. ಹೊಸಬರು ಇದನ್ನು ಗಿಡದ ರೋಗ ಎಂದು ತಿಳಿದು ಔಷಧಕ್ಕೆ ಹಣ ಸುರಿಯುವುದುಂಟು.

ಹೊಲಗಳ ಊರು ಮನೆಗಳ ಊರಾದದ್ದು ನೆರೆಯ ನಂತರ. 1955ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಹೊತ್ತಿಗೆ, ಅಲಮೀಡಾ ಹೊಳೆ ಉಕ್ಕಿ ತಗ್ಗಿನ ಪ್ರದೇಶಗಳನ್ನು ಮುಳುಗಿಸಿತು. ಮುಂದಿನ ಎರಡು ದಶಕಗಳಲ್ಲಿ ಸೇನೆಯ ಎಂಜಿನಿಯರುಗಳ ದಳ ಹೊಳೆಯನ್ನು ನೇರ ಕಾಲುವೆಯಾಗಿಸಿ ಎರಡೂ ಬದಿಗೆ ಏರಿ ಕಟ್ಟಿತು. ನಡುವೆ 1959ರ ಜನವರಿ 26ರಂದು ಅಲ್ವರಾಡೊ ಮತ್ತು ಡಿಕೋಟೊ ಒಂದಾಗಿ ಯೂನಿಯನ್ ಸಿಟಿ ಎಂಬ ಹೆಸರಿನಲ್ಲಿ ನಗರವಾದವು. 1972ರಲ್ಲಿ ಕೊಲ್ಲಿ ಪ್ರದೇಶದ ಊರುಗಳನ್ನು ಜೋಡಿಸುವ ಬಾರ್ಟ್ ರೈಲು ಬಂತು. ಜನಗಣತಿಯ ಅಂಕಿಗಳು ಉಳಿದುದನ್ನು ಹೇಳುತ್ತವೆ: 1960ರಲ್ಲಿ 6,618 ಜನ, 1970ರಲ್ಲಿ 14,724, 1980ರಲ್ಲಿ 39,406, 2000ದಲ್ಲಿ 66,869, 2020ರಲ್ಲಿ 70,143. ಅಂದರೆ ಊರಿನ ಮನೆಗಳಲ್ಲಿ ದೊಡ್ಡ ಪಾಲು ಸುಮಾರು ಮೂವತ್ತು ವರ್ಷಗಳ ಅವಧಿಯಲ್ಲಿ ಎದ್ದಿತು. ಅವುಗಳ ಹಳೆಯ ಬೇಲಿ, ಡೆಕ್, ಕೊಳವೆಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮುಪ್ಪಾಗುತ್ತಿವೆ. ನುರಿತ ಬಡಗಿಗಳು ಸಿಗುವುದಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣ.

ಬಡಾವಣೆಯ ಮನೆಗಳನ್ನು ಕಟ್ಟುವವರು ಮುಂದಿನ ಅಂಗಳಕ್ಕೆ ಹುಲ್ಲುಹಾಸಿ, ಹಿತ್ತಲನ್ನು ಬರಿ ಮಣ್ಣಾಗಿ ಬಿಟ್ಟುಕೊಡುವ ಪದ್ಧತಿ ಎರಡನೆಯ ಮಹಾಯುದ್ಧಾನಂತರದ ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಕವಾಗಿತ್ತು. ಹಿತ್ತಲು ಮನೆಯವರ ಪಾಲಿನ ಕೆಲಸ. ಅದನ್ನು ಹೇಗೆ ತುಂಬಬೇಕೆಂಬ ಕಲ್ಪನೆ ಬೇರೆ ಕಡೆಯಿಂದ ಬಂತು. ತೋಟ ವಿನ್ಯಾಸಕ ಥಾಮಸ್ ಚರ್ಚ್ 1948ರಲ್ಲಿ ಸೊನೋಮಾದ ಡಾನೆಲ್ ಕುಟುಂಬಕ್ಕೆ ಮಾಡಿಕೊಟ್ಟ ತೋಟದಲ್ಲಿ ರೆಡ್‌ವುಡ್ ಹಲಗೆಗಳ ಡೆಕ್ ಇತ್ತು. ಓಕ್ ಮರಗಳನ್ನು ಕಡಿಯದೆ ಡೆಕ್‌ನ ನಡುವೆಯೇ ಉಳಿಸಿಕೊಂಡಿದ್ದರು. ಮೆನ್ಲೊ ಪಾರ್ಕ್‌ನಿಂದ ಹೊರಡುತ್ತಿದ್ದ ‘ಸನ್‌ಸೆಟ್’ ಪತ್ರಿಕೆ ಇಂಥ ಹಿತ್ತಲುಗಳ ಚಿತ್ರ, ನಕ್ಷೆಗಳನ್ನು ತಿಂಗಳು ತಿಂಗಳೂ ಮನೆಗಳಿಗೆ ತಲುಪಿಸಿತು. ರಜಾದಿನಗಳಲ್ಲಿ ಮನೆಯ ಯಜಮಾನನೇ ಡೆಕ್ ಕಟ್ಟಿಬಿಡಬಹುದು ಎಂಬ ನಂಬಿಕೆ ಆ ದಶಕಗಳದು. ಅದರಲ್ಲಿ ಉತ್ಸಾಹವಿತ್ತು, ಸ್ವಾವಲಂಬನೆಯಿತ್ತು. ಮರದ ಆಯುಷ್ಯದ ಬಗ್ಗೆ ತಿಳಿವಳಿಕೆ ಮಾತ್ರ ಕಡಿಮೆಯಿತ್ತು.

ಆ ಕಾಲದ ರೆಡ್‌ವುಡ್ ಹಳೆಯ ಕಾಡುಗಳದು. ತಿರುಳು ಗಟ್ಟಿ, ಗೆದ್ದಲಿಗೂ ಕೊಳೆತಕ್ಕೂ ಬೇಗ ಬಗ್ಗದು. 1968ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು, 1978ರಲ್ಲಿ ವಿಸ್ತಾರವಾಯಿತು. ಅಷ್ಟರಲ್ಲಿ ಹಳೆಯ ಕಾಡಿನ ಬಹುಭಾಗ ಕಡಿದು ಮುಗಿದಿತ್ತು. ಉಳಿದುದನ್ನು ಉಳಿಸಿದ್ದು ಸರಿಯಾದ ತೀರ್ಮಾನ. ಮಾರುಕಟ್ಟೆಗೆ ಮುಂದೆ ಬಂದದ್ದು ಎಳೆಯ ಮರ. ಅದರಲ್ಲಿ ತಿರುಳು ಕಡಿಮೆ, ಬಿಳಿಮರ ಹೆಚ್ಚು. ಹೊರಗೆ ಹಾಕಿದರೆ ಬೇಗ ಕೊಳೆಯುತ್ತದೆ. ಹಾಗಾಗಿ ನೆಲಕ್ಕೆ ಹತ್ತಿರದ ಕಂಬ, ಜಂತೆಗಳಿಗೆ ಔಷಧ ಹಾಯಿಸಿದ ಮರ ಬಳಕೆಗೆ ಬಂತು. ಅದರಲ್ಲೂ ಆರ್ಸೆನಿಕ್ ಬೆರೆತ ಔಷಧ ಹಾಯಿಸಿದ ಮರವನ್ನು ಮನೆಬಳಕೆಗೆ ತಯಾರಿಸುವುದು 2003ರ ಕೊನೆಗೆ ನಿಂತಿತು. ಅದರ ಜಾಗಕ್ಕೆ ಬಂದ, ತಾಮ್ರದ ಅಂಶ ಹೆಚ್ಚಿರುವ ಔಷಧಗಳು ಸಾಮಾನ್ಯ ಉಕ್ಕಿನ ಮೊಳೆಯನ್ನು ತಿನ್ನುತ್ತವೆ. ದಪ್ಪ ಸತುವಿನ ಲೇಪವಿರುವ ಅಥವಾ ಸ್ಟೇನ್‌ಲೆಸ್ ಉಕ್ಕಿನ ಮೊಳೆ, ಬೋಲ್ಟ್‌ಗಳೇ ಬೇಕು. ಸರಿಯಾದ ಬೋಲ್ಟ್ ಇಲ್ಲದೆ ತಪಾಸಣೆಯಲ್ಲಿ ಕೆಲಸ ತಿರಸ್ಕೃತವಾದರೆ, ಒಂದು ಡಬ್ಬಿ ಸಾಮಾನಿಗಾಗಿ ಇಡೀ ಕೆಲಸ ನಿಲ್ಲುತ್ತದೆ.

ಹಳೆಯ ಡೆಕ್‌ಗಳ ದೊಡ್ಡ ದೋಷ ಮನೆಗೂ ಡೆಕ್‌ಗೂ ಇರುವ ಕೂಡುಗೆಯಲ್ಲಿದೆ. ಮನೆಯ ಗೋಡೆಗೆ ಬಡಿದ ಅಡ್ಡತೊಲೆಯೇ ಡೆಕ್‌ನ ಒಂದು ಬದಿಯ ಭಾರ ಹೊರುವುದು. ಬೋಲ್ಟ್ ಹಾಕಬೇಕಾದಲ್ಲಿ ಬರಿ ಮೊಳೆ ಹೊಡೆದಿದ್ದರೆ, ತೊಲೆಯ ಮೇಲೆ ನೀರು ಜಾರಿಸುವ ತಗಡು ಕೂರಿಸದಿದ್ದರೆ, ಮಳೆನೀರು ಗೋಡೆಯೊಳಗೆ ಇಳಿದು ಎರಡನ್ನೂ ಕೊಳೆಸುತ್ತದೆ. ಹೊರಗಿನಿಂದ ಏನೂ ಕಾಣಿಸದು. ಮೇಲಿನ ಹಲಗೆ ಬದಲಾಯಿಸಿದರೆ ಸಾಕೆಂದು ಆರಂಭಿಸಿದ ಕೆಲಸ ಗೋಡೆಯ ರಿಪೇರಿಯವರೆಗೆ ಬೆಳೆಯುವುದು ಹೀಗೆ. ಹಿತ್ತಲ ಕೆಲಸಗಳ ಹಿನ್ನಡೆಗಳಲ್ಲಿ ಇದರಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ. ಇದನ್ನು ಕಂಡೂ ಮುಚ್ಚಿ ಹಲಗೆ ಹಾಕುವುದರಷ್ಟು ಅಪಾಯವೂ ಇನ್ನೊಂದಿಲ್ಲ.

ಆ ಅಪಾಯ ಏನೆಂಬುದು 2015ರ ಜೂನ್ 16ರಂದು ಹತ್ತಿರದ ಬರ್ಕ್‌ಲಿಯಲ್ಲಿ ಎಲ್ಲರಿಗೂ ತಿಳಿಯಿತು. ಅಪಾರ್ಟ್‌ಮೆಂಟೊಂದರ ಬಾಲ್ಕನಿಯ ಜಂತೆಗಳು ಒಳಗೇ ಕೊಳೆತಿದ್ದವು. ಬಾಲ್ಕನಿ ಕುಸಿದು ಆರು ಯುವಜನರು ಸತ್ತರು, ಏಳು ಮಂದಿ ಗಾಯಗೊಂಡರು. ಹೆಚ್ಚಿನವರು ಬೇಸಿಗೆಯಲ್ಲಿ ದುಡಿಯಲೆಂದು ಐರ್ಲೆಂಡಿನಿಂದ ಬಂದ ವಿದ್ಯಾರ್ಥಿಗಳು. 2018 ಮತ್ತು 2019ರಲ್ಲಿ ರಾಜ್ಯ ಎರಡು ಕಾಯ್ದೆಗಳನ್ನು ಮಾಡಿ, ಹಲವು ಕುಟುಂಬಗಳು ವಾಸಿಸುವ ಕಟ್ಟಡಗಳ ಬಾಲ್ಕನಿ, ಡೆಕ್‌ಗಳನ್ನು ನಿಯತಕಾಲಕ್ಕೆ ತಪಾಸಣೆ ಮಾಡಿಸುವುದನ್ನು ಕಡ್ಡಾಯಗೊಳಿಸಿತು. ಒಂಟಿ ಮನೆಗಳಿಗೆ ಈ ಕಾಯ್ದೆಗಳು ಅನ್ವಯಿಸುವುದಿಲ್ಲ. ಅಲ್ಲಿ ಉಳಿದಿರುವ ಕಾವಲು ಕಟ್ಟಡ ಪರ್ಮಿಟ್ ಒಂದೇ.

ಪರ್ಮಿಟ್‌ನ ನಿಯಮ ಸರಳವಾಗಿ ಹೀಗಿದೆ. ಅಮೆರಿಕದ ಮಾದರಿ ವಸತಿ ಸಂಹಿತೆಯ ಪ್ರಕಾರ 200 ಚದರ ಅಡಿಗಿಂತ ದೊಡ್ಡದಲ್ಲದ, ನೆಲದಿಂದ 30 ಅಂಗುಲಕ್ಕಿಂತ ಎತ್ತರವಿಲ್ಲದ, ಮನೆಗೆ ಕೂಡಿಸದ, ಮುಖ್ಯ ನಿರ್ಗಮನ ಬಾಗಿಲಿಗೆ ಹೊಂದಿರದ ಡೆಕ್‌ಗೆ ಪರ್ಮಿಟ್ ಬೇಡ. ಮಿಕ್ಕವಕ್ಕೆ ಬೇಕು. ಊರಿನ ಕಟ್ಟಡ ವಿಭಾಗ ನಕ್ಷೆ ನೋಡಿ ಒಪ್ಪಬೇಕು, ಕೆಲಸದ ಹಂತ ಹಂತದಲ್ಲೂ ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಪಾಯದ ಗುಂಡಿ ತೋಡಿದ ಮೇಲೆ, ಕಾಂಕ್ರೀಟ್ ಸುರಿಯುವ ಮುನ್ನ ಒಂದು ತಪಾಸಣೆ. ಜಂತೆಗಳನ್ನು ಕೂರಿಸಿದ ಮೇಲೆ, ಹಲಗೆ ಮುಚ್ಚುವ ಮುನ್ನ ಮತ್ತೊಂದು. ಕೊನೆಗೆ ಅಂತಿಮ ತಪಾಸಣೆ. ಅಗೆಯುವ ಮೊದಲು 811ಕ್ಕೆ ಕರೆ ಮಾಡಿ, ನೆಲದಡಿಯ ಗ್ಯಾಸ್, ವಿದ್ಯುತ್, ನೀರಿನ ಮಾರ್ಗಗಳನ್ನು ಗುರುತು ಹಾಕಿಸಲು ಕನಿಷ್ಠ ಎರಡು ಕೆಲಸದ ದಿನ ಕಾಯಬೇಕು. ಇಲ್ಲಿನ ಮಳೆ ಬಹುಮಟ್ಟಿಗೆ ನವೆಂಬರಿನಿಂದ ಮಾರ್ಚಿನವರೆಗೆ. ಅಕ್ಟೋಬರ್ ಕೊನೆಗೆ ಗುಂಡಿ ತೋಡಿ ತಪಾಸಣೆಗೆ ಕಾಯುತ್ತಿರುವಾಗ ಮಳೆ ಬಿದ್ದರೆ ಜೇಡಿಯ ಬದಿಗಳು ಕುಸಿದು ಗುಂಡಿ ಕೆಸರಾಗುತ್ತದೆ. ನೀರು ಹೊರಹಾಕಿ, ಕೆಸರು ತೆಗೆದು, ಮತ್ತೆ ಆಳ ತೋರಿಸಬೇಕು. 2022ರ ಡಿಸೆಂಬರ್ ಕೊನೆಯಿಂದ 2023ರ ಮಾರ್ಚಿನವರೆಗೆ ಪೆಸಿಫಿಕ್ ಕಡೆಯಿಂದ ಒಂದರ ಹಿಂದೊಂದು ಬಂದ ಭಾರಿ ಮಳೆಗಳ ಕಾಲದಲ್ಲಿ ಹಿತ್ತಲ ಕೆಲಸ ಮಾಡುವುದು ಆಗದ ಮಾತಾಗಿತ್ತು. ಕೆಲಸ ಹೀಗೆ ಎಳೆಯುತ್ತದೆಂಬುದನ್ನು ಕಾನೂನೂ ಒಪ್ಪಿಕೊಂಡಿದೆ: ಪರ್ಮಿಟ್ ಸಿಕ್ಕ ಮೇಲೆ ಕೆಲಸ ಆರಂಭಿಸಲು ಮೊದಲು 180 ದಿನಗಳ ಅವಕಾಶವಿತ್ತು, 2018ರ ಬೇರೊಂದು ಕಾಯ್ದೆ ಅದನ್ನು 12 ತಿಂಗಳಿಗೆ ಏರಿಸಿತು. ನಿವಾಸಿಗಳ ಸಂಘವಿರುವ ಬಡಾವಣೆಗಳಲ್ಲಿ ಸಂಘದ ವಿನ್ಯಾಸ ಸಮಿತಿಯ ಒಪ್ಪಿಗೆ ಬೇರೆ ಪಡೆಯಬೇಕು.

ತೋಟಗಳ ಹಿನ್ನಡೆ ಡೆಕ್‌ನದಕ್ಕಿಂತ ಭಿನ್ನ. ಅದು ಊರಿಗೇ ಒಟ್ಟಾಗಿ ಬರುತ್ತದೆ. 1976-77ರ ಬರ ರಾಜ್ಯವನ್ನೇ ಒಣಗಿಸಿತು. ಅದು ಮುಗಿದು ಮೂರು ವರ್ಷವಾಗುವಷ್ಟರಲ್ಲಿ, 1980ರ ಜೂನ್‌ನಲ್ಲಿ, ಪಕ್ಕದ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಮೆಡಿಟರೇನಿಯನ್ ಹಣ್ಣುನೊಣ ಕಾಣಿಸಿತು. ಹಿತ್ತಲ ಮರಗಳ ಹಣ್ಣನ್ನು ಕಿತ್ತು ನಾಶ ಮಾಡಿಸಲಾಯಿತು. 1981ರ ಜುಲೈಯಿಂದ ಹೆಲಿಕಾಪ್ಟರುಗಳು ಮನೆಗಳ ಮೇಲೆ ಮಲಾಥಿಯಾನ್ ಸಿಂಪಡಿಸಿದವು. ನಿರ್ಬಂಧ ಅಲಮೀಡಾ ಕೌಂಟಿಗೂ ಚಾಚಿತ್ತು. ಆ ನೊಣ ನಿರ್ಮೂಲವಾಯಿತೆಂದು 1982ರಲ್ಲಿ ಘೋಷಿಸಿದರು. ಮುಂದೆ 1987ರಿಂದ 1992ರವರೆಗೆ ಮತ್ತೊಂದು ಬರ. ಇದರ ನಡುವೆಯೇ, 1990ರಲ್ಲಿ, ತೋಟದ ನೀರನ್ನು ಮಿತಗೊಳಿಸುವ ಮಾದರಿ ನಿಯಮಕ್ಕೆ ರಾಜ್ಯ ಕಾಯ್ದೆ ಮಾಡಿತು. ನಿಯಮ 1993ರಲ್ಲಿ ಜಾರಿಗೆ ಬಂತು. 2015ರಲ್ಲಿ ಅದನ್ನು ಬಿಗಿಗೊಳಿಸಿ, ಪರ್ಮಿಟ್ ಬೇಕಾಗುವ 500 ಚದರ ಅಡಿಯ ಹೊಸ ತೋಟಗಳನ್ನೂ ಅದರ ವ್ಯಾಪ್ತಿಗೆ ತಂದರು.

ಆ ಬಿಗಿಗೆ ಕಾರಣ ಬರವೇ. 2014ರ ಜನವರಿಯಲ್ಲಿ ರಾಜ್ಯಪಾಲ ಜೆರಿ ಬ್ರೌನ್ ಬರದ ತುರ್ತುಸ್ಥಿತಿ ಘೋಷಿಸಿದರು. 2015ರ ಏಪ್ರಿಲ್ 1ರಂದು ನಗರ ಪ್ರದೇಶಗಳ ನೀರಿನ ಬಳಕೆಯಲ್ಲಿ ಶೇ. 25 ಕಡಿತಕ್ಕೆ ಆದೇಶಿಸಿದರು. ಹುಲ್ಲುಹಾಸು ತೆಗೆದು ಕಡಿಮೆ ನೀರು ಕುಡಿಯುವ ಗಿಡ ನೆಡುವವರಿಗೆ ಸಹಾಯಧನ ಸಿಕ್ಕಿತು. ಹುಲ್ಲು ಕೀಳುವ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕೆಂಬುದು ಇಂಥ ಸಹಾಯಧನಗಳ ಸಾಮಾನ್ಯ ಷರತ್ತು. ಉತ್ಸಾಹದಿಂದ ಮೊದಲೇ ಕಿತ್ತವರಿಗೆ ಹಣವಿಲ್ಲ. ಕಾದವರಿಗೆ ನೆಡುವ ಋತು ತಪ್ಪುತ್ತದೆ. ದೇಸಿ ಗಿಡಗಳನ್ನು ನೆಡಲು ಒಳ್ಳೆಯ ಕಾಲ ಶರದೃತು, ಮಳೆಗೆ ಮುಂಚೆ. ಬೇಸಿಗೆಯಲ್ಲಿ ನೆಟ್ಟ ಸಸಿ ಬರ ತಾಳುವ ಜಾತಿಯದಾದರೂ ಮೊದಲ ವರ್ಷ ನೀರು ಬೇಡುತ್ತದೆ. ಒಣಗಿದ ಹುಲ್ಲಿಗಾಗಿ ಮನೆಯವರಿಗೆ ಬರಗಾಲದಲ್ಲಿ ದಂಡ ಹಾಕದಂತೆ ನಿವಾಸಿ ಸಂಘಗಳನ್ನು 2014ರಲ್ಲಿ ಕಾನೂನಿನಿಂದಲೇ ತಡೆಯಬೇಕಾಯಿತು.

ಇಂದಿನ ಯೂನಿಯನ್ ಸಿಟಿಯಲ್ಲಿ ಏಷ್ಯಾ ಮೂಲದವರು ಅರ್ಧಕ್ಕಿಂತ ಹೆಚ್ಚು. 1973ರಲ್ಲಿ ಹುಟ್ಟಿದ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ನೆಲೆಯೂ ಈ ಕೊಲ್ಲಿ ಪ್ರದೇಶವೇ. ದಕ್ಷಿಣ ಭಾರತದ ಮನೆಗಳ ಹಿತ್ತಲಿಗೆ ಕರಿಬೇವು ಬೇಕೇಬೇಕು. ಅದನ್ನೂ ಬೇಕೆಂದ ದಿನ ನೆಡುವಂತಿಲ್ಲ. ಎಳೆಯ ಸಸಿ ಡಿಸೆಂಬರ್, ಜನವರಿಯ ಹಿಮಕ್ಕೆ ಸಾಯುತ್ತದೆ, ಹೀಗಾಗಿ ಮೊದಲ ಕೆಲವು ಚಳಿಗಾಲಗಳನ್ನು ಅದು ಕುಂಡದಲ್ಲಿ, ಮನೆಯೊಳಗೆ ಕಳೆಯಬೇಕು. ಅದಕ್ಕಿಂತ ದೊಡ್ಡ ಅಡ್ಡಿ ಏಷ್ಯನ್ ಸಿಟ್ರಸ್ ಸಿಲಿಡ್ ಎಂಬ ಪುಟ್ಟ ಕೀಟ. ಕಿತ್ತಳೆ, ನಿಂಬೆ ಗಿಡಗಳಿಗೆ ಮದ್ದಿಲ್ಲದ ರೋಗವನ್ನು ಹರಡುವ ಈ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು 2008ರಲ್ಲಿ ಸ್ಯಾನ್ ಡಿಯಾಗೊ ಬಳಿ ಪತ್ತೆಯಾಯಿತು. ರೋಗ 2012ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ. ಕೀಟ ಸಿಕ್ಕ ಪ್ರದೇಶದಿಂದ ನಿಂಬೆ ಜಾತಿಯ ಗಿಡಗಳನ್ನೂ ಕರಿಬೇವಿನ ಸಸಿಯನ್ನೂ ಹೊರಗೆ ಒಯ್ಯುವಂತಿಲ್ಲ. ನೆಂಟರ ಮನೆಯ ಗಿಡದ ಬುಡದಲ್ಲಿ ಎದ್ದ ಮರಿಯನ್ನು ಕಿತ್ತು ತಂದು ನೆಡುವ ನಮ್ಮ ಹಳೆಯ ರೂಢಿ ಇಲ್ಲಿ ನಡೆಯದು. ಪರವಾನಗಿ ಇರುವ ನರ್ಸರಿಯಲ್ಲಿ ಸಸಿ ಬರುವವರೆಗೆ ಕಾಯುವುದೇ ಸರಿ.

ಎಲ್ಲ ಬಗೆಯ ವಿಳಂಬಗಳೂ ಒಟ್ಟಿಗೆ ಬಿದ್ದದ್ದು 2020ರಲ್ಲಿ. ಕೋವಿಡ್ ಕಾರಣ ಅಲಮೀಡಾ ಸೇರಿದಂತೆ ಕೊಲ್ಲಿಯ ಆರು ಕೌಂಟಿಗಳು ಮಾರ್ಚ್ 17ರಿಂದ ಮನೆಯಲ್ಲೇ ಇರುವಂತೆ ಆದೇಶಿಸಿದವು. ಮಾರ್ಚ್ ಕೊನೆಯ ಆದೇಶ ಹೆಚ್ಚಿನ ಕಟ್ಟಡ ಕೆಲಸಗಳನ್ನೂ ನಿಲ್ಲಿಸಿತು. ಮೇ 4ರಿಂದ ಕಟ್ಟಡ ಕೆಲಸ, ನರ್ಸರಿ, ತೋಟದ ಕೆಲಸಗಳಿಗೆ ಮತ್ತೆ ಅನುಮತಿ ಸಿಕ್ಕಿತು. ಮನೆಯಲ್ಲೇ ಕೂತ ಜನರೆಲ್ಲ ಹಿತ್ತಲ ಕಡೆ ತಿರುಗಿದ್ದರು. ಮರ ಕೊಯ್ಯುವ ಗಿರಣಿಗಳು ಬೇಡಿಕೆ ಕುಸಿಯುವುದೆಂದು ಎಣಿಸಿ ಉತ್ಪಾದನೆ ತಗ್ಗಿಸಿದ್ದವು. 2020ರ ಆರಂಭದಲ್ಲಿ ಸಾವಿರ ಬೋರ್ಡ್ ಅಡಿಗೆ 400 ಡಾಲರಿನ ಆಸುಪಾಸಿನಲ್ಲಿದ್ದ ಮರದ ಸಗಟು ಬೆಲೆ 2021ರ ಮೇ ಹೊತ್ತಿಗೆ 1,500 ಡಾಲರ್ ದಾಟಿತು. ಹಳೆಯ ಬೆಲೆಗೆ ಒಪ್ಪಿಕೊಂಡ ಗುತ್ತಿಗೆದಾರ ನಷ್ಟಕ್ಕೆ ಸಿಕ್ಕಿದ. ಹೊಸ ಬೆಲೆ ಕೇಳಿದ ಮನೆಯವರು ಕೆಲಸ ಮುಂದೂಡಿದರು. ಬೆಲೆ ಅದೇ ಬೇಸಿಗೆಯಲ್ಲಿ ಇಳಿಯಿತು, ಆದರೆ ಕಾಯುವವರ ಸಾಲು ಅಷ್ಟು ಬೇಗ ಕರಗಲಿಲ್ಲ.

ವಿಳಂಬದ ಹೊರೆ ಯಾರ ಮೇಲೆ ಎಂಬ ಪ್ರಶ್ನೆಗೆ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಉತ್ತರಗಳಿವೆ. ಕೂಲಿಯೋ ಸಾಮಾನಿನ ಹಣವೋ ಬಾರದಿದ್ದರೆ ಕೆಲಸಗಾರ, ಮರದ ವ್ಯಾಪಾರಿ ಆ ಆಸ್ತಿಯ ಮೇಲೇ ಹಕ್ಕು ಸಾಧಿಸಬಹುದೆಂದು 1879ರ ರಾಜ್ಯ ಸಂವಿಧಾನ ಹೇಳುತ್ತದೆ. ಗುತ್ತಿಗೆದಾರನಿಗೆ ಪೂರ್ತಿ ಹಣ ಕೊಟ್ಟ ಮನೆಯವರೂ, ಆತ ವ್ಯಾಪಾರಿಗೆ ಕೊಡದಿದ್ದರೆ, ಈ ಹಕ್ಕಿಗೆ ಸಿಲುಕಬಹುದು. 1929ರಲ್ಲಿ ಗುತ್ತಿಗೆದಾರರಿಗೆ ಪರವಾನಗಿ ನೀಡುವ ರಾಜ್ಯ ಮಂಡಳಿ ಸ್ಥಾಪನೆಯಾಯಿತು. ಮನೆ ಸುಧಾರಣೆಯ ಕೆಲಸಕ್ಕೆ ಮುಂಗಡ 1,000 ಡಾಲರ್ ಅಥವಾ ಒಟ್ಟು ಮೊತ್ತದ ಶೇ. 10, ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಮಾಡಿದ ಕೆಲಸಕ್ಕಿಂತ ಹೆಚ್ಚಿನ ಕಂತು ಪಡೆಯುವಂತಿಲ್ಲ. ಆರಂಭ ಮತ್ತು ಮುಕ್ತಾಯದ ಅಂದಾಜು ದಿನಾಂಕಗಳು ಕರಾರಿನಲ್ಲಿರಬೇಕು. ನ್ಯಾಯವಾದ ಕಾರಣವಿಲ್ಲದೆ ಆರಂಭದ ದಿನದಿಂದ 20 ದಿನಗಳೊಳಗೆ ಕೆಲಸ ಶುರುಮಾಡದಿರುವುದು ನಿಯಮದ ಉಲ್ಲಂಘನೆ.

ಈ ರಕ್ಷಣೆಗಳು ಪರವಾನಗಿ ಇರುವವರ ಜೊತೆ ಬರಹದಲ್ಲಿ ಕರಾರು ಮಾಡಿಕೊಂಡವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಬೇಗ ಮುಗಿಯಲಿ ಎಂದು ಪರ್ಮಿಟ್ ಬಿಟ್ಟು ಕಟ್ಟಿಸಿದವರ ಉಳಿತಾಯ ತಾತ್ಕಾಲಿಕ. ಮನೆ ಮಾರುವಾಗ ತುಂಬಬೇಕಾದ ವಿವರಪತ್ರ ರಾಜ್ಯದಲ್ಲಿ 1987ರಿಂದ ಕಡ್ಡಾಯವಾಗಿದೆ, ಮತ್ತು ಅದು ಪರ್ಮಿಟ್ ಇಲ್ಲದೆ ಮಾಡಿಸಿದ ಕಟ್ಟಡ ಕೆಲಸ ಏನಾದರೂ ಇದೆಯೇ ಎಂದು ಮಾರುವವರನ್ನು ನೇರವಾಗಿ ಕೇಳುತ್ತದೆ.